ಬಾಡಿಗೆ ಮಳಿಗೆಗೆ ಎರಡನೇ ಗೋಡೆ: ಬಿಜೈಯ ಅಂಗಡಿಯೊಂದರ ಕೆಲಸದ ದಾಖಲೆ

ಜಾಗ ಮಂಗಳೂರಿನ ಬಿಜೈಯಲ್ಲಿ, ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಹಳೆಯ ಕಟ್ಟಡವೊಂದರ ನೆಲಮಹಡಿ. ರಸ್ತೆ ಕಡೆಯ ಮುಖ 4.9 ಮೀಟರ್, ಒಳಗಿನ ಉದ್ದ 11 ಮೀಟರ್, ಸುಮಾರು 580 ಚದರಡಿ. ಮುಖ ಪಶ್ಚಿಮಕ್ಕೆ. ಉತ್ತರದ ಗೋಡೆ ಪಕ್ಕದ ಅಂಗಡಿಗೂ ಇದೇ. ದಕ್ಷಿಣದ ಗೋಡೆಯ ಹೊರಗೆ ಮೂರಡಿಯ ಓಣಿ, ಓಣಿಯಲ್ಲಿ ಚರಂಡಿ. ಬಾಡಿಗೆಗೆ ಹಿಡಿದದ್ದು ಗೋಡಂಬಿ, ಪುನರ್ಪುಳಿ (ಕೋಕಂ), ಕಾಳುಮೆಣಸು, ಮಸಾಲೆ ಪುಡಿ ಮಾರುವ ಕಂಪನಿ. ಅವರ ಪೊಟ್ಟಣದ ಬಣ್ಣ ಎರಡೇ: ಪುನರ್ಪುಳಿ ಸಿಪ್ಪೆಯ ಕಡುಕೆಂಪು, ಗೋಡಂಬಿ ತಿರುಳಿನ ಕೆನೆಬಣ್ಣ. ಈ ಎರಡು ಬಣ್ಣ, ಒಂದು ಹಂಚಿನ ಗೋಡೆ, ಒಂದು ಕನ್ನಡ ಫಲಕ, ಇಷ್ಟರಲ್ಲಿ ಅಂಗಡಿಯ ಗುರುತು ನಿಲ್ಲಬೇಕು. ಕರಾರು ಐದು ವರ್ಷಕ್ಕೆ. ಒಳಾಂಗಣದ ಕೆಲಸ ಮಾಡಿಕೊಳ್ಳಲು ಕಟ್ಟಡದವರು 45 ದಿನದ ಬಾಡಿಗೆ ಮನ್ನಾ ಮಾಡಿದ್ದಾರೆ. ಏಪ್ರಿಲ್ 10ಕ್ಕೆ ಶುರು, ಮೇ 25ಕ್ಕೆ ಮುಗಿಯಬೇಕು. ಜೂನ್ ಮೊದಲ ವಾರದಲ್ಲಿ ಮಳೆ ಹಿಡಿದುಬಿಟ್ಟರೆ ಹೊರಗಿನ ಯಾವ ಕೆಲಸವೂ ಒಣಗುವುದಿಲ್ಲ.

ಇಡೀ ಕೆಲಸ ನಿಂತಿರುವುದು ಒಂದೇ ತೀರ್ಮಾನದ ಮೇಲೆ. ಗೋಡೆ ಕಟ್ಟಡದವರದು, ಅದನ್ನು ಮುಟ್ಟುವುದಿಲ್ಲ. ಅದರಿಂದ 50 ಮಿ.ಮೀ. ಈಚೆಗೆ ನಮ್ಮದೇ ಇನ್ನೊಂದು ಪದರ ನಿಲ್ಲಿಸುತ್ತೇವೆ, ಬಣ್ಣ, ಹಂಚು, ಕಪಾಟು, ದೀಪ ಎಲ್ಲ ಅದರ ಮೇಲೆ. ಖಾಲಿ ಮಾಡುವ ದಿನ ಬಿಚ್ಚಿಕೊಂಡು ಹೋಗಬಹುದು ಎಂಬುದು ಒಂದು ಲಾಭ. ಕರಾವಳಿಯಲ್ಲಿ ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ: ಒದ್ದೆ ಗೋಡೆಗೂ ನಮ್ಮ ಬಣ್ಣಕ್ಕೂ ನಡುವೆ ಗಾಳಿ ಆಡುತ್ತದೆ. ಮಳೆಗಾಲಕ್ಕೆ ಮುಂಚೆ ಹಳೆಯ ಮನೆಗಳ ಪಡುವಣ ಬದಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರಲ್ಲ, ಬುದ್ಧಿ ಅದೇ. ತಟ್ಟಿ ಹೊರಗಿತ್ತು, ಇದು ಒಳಗೆ.

ಉಪಕರಣ ಮುಟ್ಟುವ ಮೊದಲು

ಕರಾರಿನ ಜತೆ ಎರಡು ಅನುಬಂಧ ಹಾಕಿಸಿದ್ದು. ಮೊದಲನೆಯದು ಫೋಟೋಗಳು. ಪ್ರತಿ ಗೋಡೆ, ನೆಲ, ಬಾಗಿಲಿನ ಚೌಕಟ್ಟು, ಎಲ್ಲ ಬಿರುಕುಗಳ ಪಕ್ಕದಲ್ಲಿ ಅಳತೆ ಟೇಪು ಹಿಡಿದು ತೆಗೆದು, ಎರಡೂ ಕಡೆಯವರು ಪುಟಪುಟಕ್ಕೂ ಸಹಿ ಮಾಡಿದ್ದು. ಎರಡನೆಯದು ಪಟ್ಟಿ: ಯಾವುದು ಕಟ್ಟಡದವರದು, ಯಾವುದು ಅಂಗಡಿಯವರದು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮಿನ ಪ್ರಕಾರ ಬಾಡಿಗೆದಾರ ತಾನು ಜೋಡಿಸಿದ್ದನ್ನು ತೆಗೆದುಕೊಂಡು ಹೋಗಬಹುದು, ಜಾಗವನ್ನು ಮೊದಲಿದ್ದ ಸ್ಥಿತಿಯಲ್ಲಿ ಬಿಡಬೇಕು. ಮಾಲೀಕರ ಒಪ್ಪಿಗೆ ಇಲ್ಲದೆ ಶಾಶ್ವತ ಕಟ್ಟೋಣ ಮಾಡುವಂತಿಲ್ಲ. ಆದರೆ ಕರಾರಿನಲ್ಲಿ ಬೇರೆ ಬರೆದರೆ ಕರಾರಿನ ಮಾತೇ ನಡೆಯುತ್ತದೆ. 'ಒಳಾಂಗಣದ ಎಲ್ಲ ಕೆಲಸ ಕಟ್ಟಡಕ್ಕೆ ಸೇರತಕ್ಕದ್ದು' ಎಂಬ ಒಂದು ಸಾಲು ಮಾದರಿ ಕರಾರುಗಳಲ್ಲಿ ಸುಮ್ಮನೆ ಕೂತಿರುತ್ತದೆ. ಅದನ್ನು ಹುಡುಕಿ ತೆಗೆಸಬೇಕು. ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯ, ಅದನ್ನೂ ಮಾಡಿಸಿದ್ದು.

ಫಲಕದ ಜಾಗವನ್ನು ಅಳತೆ ಸಮೇತ ಬರೆಸುವುದನ್ನು ಮರೆಯಬೇಡಿ. ಅಂಗಡಿ ನಮ್ಮದಾದ ಮಾತ್ರಕ್ಕೆ ಅದರ ನೆತ್ತಿಯ ಮೇಲಿನ ಗೋಡೆ ನಮ್ಮದಾಗುವುದಿಲ್ಲ. ಏಸಿಯ ಹೊರಗಿನ ಯಂತ್ರ ಎಲ್ಲಿ ಕೂರುತ್ತದೆ ಎಂಬುದಕ್ಕೂ ಇದೇ ಮಾತು.

ಗೋಡೆಯ ನೀರು ನೋಡಿದ್ದು

ಏಪ್ರಿಲ್ ಎಂದರೆ ಗೋಡೆ ವರ್ಷದಲ್ಲೇ ಹೆಚ್ಚು ಒಣಗಿರುವ ಕಾಲ. ಆಗಲೂ ಒದ್ದೆ ಸಿಕ್ಕಿದರೆ ಜುಲೈ ಹೇಗಿರುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಪರೀಕ್ಷೆ ಸುಲಭ. 18 ಇಂಚು ಚೌಕದ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪು, 16 ಗಂಟೆ ಬಿಡಬೇಕು. ದಕ್ಷಿಣದ ಗೋಡೆಗೆ ನೆಲದಿಂದ 30 ಸೆಂ.ಮೀ., 1 ಮೀಟರ್, 1.8 ಮೀಟರ್ ಎತ್ತರದಲ್ಲಿ ಮೂರು ಹಾಳೆ, ಉತ್ತರದ ಗೋಡೆಗೆ ಎರಡು, ನೆಲಕ್ಕೆ ಎರಡು. ಬೆಳಗ್ಗೆ ನೋಡುವಾಗ ಹನಿ ಹಾಳೆಯ ಯಾವ ಬದಿಯಲ್ಲಿದೆ ಎಂಬುದು ಮುಖ್ಯ. ಗೋಡೆ ಕಡೆಯ ಬದಿಯಲ್ಲಿದ್ದರೆ ನೀರು ಗೋಡೆಯದು, ಕೋಣೆ ಕಡೆಯ ಬದಿಯಲ್ಲಿದ್ದರೆ ಗಾಳಿಯದು.

ದಕ್ಷಿಣದ ಗೋಡೆಯಲ್ಲಿ 30 ಸೆಂ.ಮೀ. ಹಾಳೆಯ ಹಿಂದೆ ಸಣ್ಣ ಹನಿಗಳು ಸಾಲುಗಟ್ಟಿದ್ದವು. ಒಂದು ಮೀಟರಿನಲ್ಲಿ ಮಬ್ಬು ಮಾತ್ರ. 1.8ರಲ್ಲಿ ಏನೂ ಇಲ್ಲ. ಉತ್ತರದ ಗೋಡೆಯೂ ನೆಲವೂ ಒಣ.

ಕಾರಣ ಕಲ್ಲಿನಲ್ಲೇ ಇದೆ. ಮುರಕಲ್ಲಿನ ತುಂಬ ಸಣ್ಣ ತೂತುಗಳು, ನೆಲದ ನೀರನ್ನು ಬತ್ತಿಯಂತೆ ಮೇಲಕ್ಕೆ ಎಳೆಯುತ್ತದೆ. ಹಳೆಯ ಅಡಿಪಾಯಗಳಲ್ಲಿ ಇದನ್ನು ತಡೆಯುವ ಪದರ ಇರುವುದಿಲ್ಲ. ಸುಣ್ಣದ ಗಾರೆ ಇದ್ದಾಗ ಆ ನೀರು ಗಾರೆಯ ಮೂಲಕ ಆವಿಯಾಗಿ ಹೋಗುತ್ತಿತ್ತು. ಮೇಲೆ ಸಿಮೆಂಟು ಬಳಿದು, ಅದರ ಮೇಲೆ ಪ್ಲಾಸ್ಟಿಕ್ ಎಮಲ್ಷನ್ ಹಚ್ಚಿದರೆ ದಾರಿ ಮುಚ್ಚುತ್ತದೆ. ಆಗ ಗೋಡೆ ಉಪ್ಪು ಉಗುಳುತ್ತದೆ, ಬಣ್ಣ ಗುಳ್ಳೆ ಏಳುತ್ತದೆ. ಒಳಬದಿಗೆ ನೀರುತಡೆ ರಾಸಾಯನಿಕ ಹಚ್ಚಿಸುವ ಸಲಹೆ ಎಲ್ಲರಿಂದ ಬರುತ್ತದೆ. ಅದು ಇಂಥ ಗೋಡೆಗೆ ಕೆಡುಕು. ಆವಿ ಹೋಗುವ ಜಾಗ ಮುಚ್ಚಿದಷ್ಟೂ ನೀರು ಇನ್ನೂ ಮೇಲಕ್ಕೆ ಏರುತ್ತದೆ, ಒಂದು ಮೀಟರಿನಲ್ಲಿದ್ದ ಮಬ್ಬು ಎರಡು ಮೀಟರಿಗೆ ಹೋಗುತ್ತದೆ. ಸಡಿಲವಾಗಿದ್ದ ಬಣ್ಣವನ್ನು ಕೆರೆದು ತೆಗೆದು ಗೋಡೆಯನ್ನು ಹಾಗೇ ಬಿಟ್ಟದ್ದು.

ಚೌಕಟ್ಟು

ದಕ್ಷಿಣದ ಗೋಡೆಯಲ್ಲಿ ಮುಂಭಾಗದಿಂದ ಸುಮಾರು 7.3 ಮೀಟರ್ ಉದ್ದಕ್ಕೆ ಎರಡನೇ ಪದರ. ಈ ಸಂಖ್ಯೆ ಹಲಗೆಯಿಂದ ಬಂದದ್ದು: 1220 ಮಿ.ಮೀ. ಅಗಲದ ಫೈಬರ್ ಸಿಮೆಂಟ್ ಹಲಗೆ ಆರು ಬರುತ್ತವೆ, ಒಂದನ್ನೂ ಕತ್ತರಿಸಬೇಕಿಲ್ಲ. ಕೊಯ್ದ ಅಂಚು ಕಡಿಮೆಯಾದಷ್ಟೂ ನೀರು ಕುಡಿಯುವ ಅಂಚು ಕಡಿಮೆ.

ಕಂಬಗಳು 50×50 ಮಿ.ಮೀ. ಅಲ್ಯೂಮಿನಿಯಂ ಪೆಟ್ಟಿಗೆ ಸೆಕ್ಷನ್, 610 ಮಿ.ಮೀ. ಅಂತರದಲ್ಲಿ 13. ಕಬ್ಬಿಣದ ಚೌಕಟ್ಟು ಅಗ್ಗ, ಆದರೆ ಬೆಸುಗೆ ಹಾಕಿದ ಜಾಗದಲ್ಲಿ ಸತುವಿನ ಲೇಪ ಸುಟ್ಟು ಹೋಗಿ, ಕಡಲ ಗಾಳಿಗೆ ಎರಡನೇ ಮಳೆಗಾಲದಲ್ಲೇ ತುಕ್ಕಿನ ಗೆರೆ ಇಳಿಯುತ್ತದೆ. ಅಲ್ಯೂಮಿನಿಯಂ ಬೋಲ್ಟಿನಲ್ಲೇ ಕೂಡುತ್ತದೆ, ಬೋಲ್ಟಿನಲ್ಲೇ ಬಿಚ್ಚುತ್ತದೆ. ಒಂದು ಎಚ್ಚರಿಕೆ: ಸ್ಟೇನ್‌ಲೆಸ್ ಸ್ಕ್ರೂ ನೇರವಾಗಿ ಅಲ್ಯೂಮಿನಿಯಂ ಮುಟ್ಟಿದರೆ, ಉಪ್ಪಿನ ತೇವ ಸೇರಿದಾಗ ಸ್ಕ್ರೂವಿನ ಸುತ್ತ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸವೆಯುತ್ತದೆ. ಹೊರಗಿನ ಕೆಲಸದಲ್ಲಿ ಪ್ರತಿ ಸ್ಕ್ರೂಗೂ ನೈಲಾನ್ ವಾಷರ್ ಹಾಕಿದ್ದು. ಒಳಗೆ 304 ದರ್ಜೆಯ ಸ್ಕ್ರೂ, ಹೊರಗೆ 316. ಹೊರಗೆ 304 ಹಾಕಿದರೆ ಮುರಿಯುವುದಿಲ್ಲ, ಆದರೆ ಚಹಾ ಬಣ್ಣದ ಕಲೆ ಇಳಿಸಿ ಫಲಕವನ್ನು ಹಳತು ಮಾಡುತ್ತದೆ.

ಭಾರವೆಲ್ಲ ನೆಲಕ್ಕೆ. ಪ್ರತಿ ಕಂಬದ ಬುಡದಲ್ಲಿ ಎತ್ತರ ಹೊಂದಿಸುವ ಕಾಲು, ಕಾಲಿನ ಕೆಳಗೆ 3 ಮಿ.ಮೀ. ರಬ್ಬರ್. ಮೇಲೆ ಬೀಮಿಗೆ ಹಿಡಿದಿರುವುದು ಚೌಕಟ್ಟು ಮುಂದಕ್ಕೆ ಮಗುಚಬಾರದು ಎಂದು ಮಾತ್ರ. ಮುರಕಲ್ಲಿಗೆ ಆಂಕರ್ ಬಡಿಯುವ ಯೋಚನೆಯನ್ನೇ ಬಿಟ್ಟುಬಿಡಿ. ಹ್ಯಾಮರ್ ಡ್ರಿಲ್ ಹಾಕಿದರೆ ತೂತು ದುಂಡಗೆ ಬರುವುದಿಲ್ಲ, ಬಾಯಿ ಅಗಲವಾಗಿ ಕೋನದಂತೆ ಆಗುತ್ತದೆ. ಬಿಗಿಯುವಾಗ ಆಂಕರ್ ಸುತ್ತಲಿನ ಕಲ್ಲನ್ನು ಪುಡಿ ಮಾಡಿ ತಾನೂ ತಿರುಗುತ್ತದೆ. ಹಿಡಿತಕ್ಕೆ ಆರ್‌ಸಿಸಿ ಬೀಮೇ ಗತಿ. ಅದರಲ್ಲೂ ಬೀಮಿನ ತಳದಲ್ಲಿ ಕೊರೆಯಬಾರದು, ಮುಖ್ಯ ಕಬ್ಬಿಣ ಇರುವುದು ಅಲ್ಲೇ. ಬೀಮಿನ ಪಕ್ಕದಲ್ಲಿ, ತಳದಿಂದ 100 ಮಿ.ಮೀ. ಮೇಲೆ ಕೊರೆದದ್ದು. ಕ್ಲೀಟುಗಳಿಗೆ (ಕಂಬವನ್ನು ಬೀಮಿಗೆ ಹಿಡಿಸುವ ಲೋಹದ ತುಂಡು) ಉದ್ದ ತೂತು ಇಟ್ಟಿದ್ದರಿಂದ ಎರಡು ಕಡೆ ಕಬ್ಬಿಣ ಸಿಕ್ಕಿದಾಗ 30 ಮಿ.ಮೀ. ಪಕ್ಕಕ್ಕೆ ಸರಿಯಲು ಆಯಿತು. ಒಂದು ಬಿಟ್ಟು ಒಂದು ಕಂಬಕ್ಕೆ ಕ್ಲೀಟು, ಒಟ್ಟು ಏಳು. ಹಂಚಿನ ಗೋಡೆಯ ಚೌಕಟ್ಟಿಗೆ ನಾಲ್ಕು. ಅಂಗಡಿಯೊಳಗೆ ಕಟ್ಟಡಕ್ಕೆ ಮಾಡಿದ ತೂತು ಇಷ್ಟೇ, ಹನ್ನೊಂದು.

ಹಲಗೆಯ ಕೆಳಗೆ 40 ಮಿ.ಮೀ., ಮೇಲೆ 60 ಮಿ.ಮೀ. ಸಂದಿ ತೆರೆದೇ ಇದೆ. ಕೆಳಗಿನಿಂದ ಗಾಳಿ ಹೊಕ್ಕು ಹಿಂದಿನಿಂದ ಏರಿ ಮೇಲೆ ಹೊರಬೀಳಬೇಕು. ಮಸಾಲೆ ಅಂಗಡಿಯಲ್ಲಿ 40 ಮಿ.ಮೀ. ಸಂದಿ ಎಂದರೆ ಇಲಿಗೆ ಆಹ್ವಾನ, ಹಾಗಾಗಿ ಕೆಳಗೆ 6 ಮಿ.ಮೀ. ತೂತಿನ ಸ್ಟೇನ್‌ಲೆಸ್ ಜಾಲರಿ. ಅದಕ್ಕೆ ಕ್ಲಿಪ್ ಮಾತ್ರ, ಸ್ಕ್ರೂ ಇಲ್ಲ. ತಿಂಗಳಿಗೊಮ್ಮೆ ತೆಗೆದು ಹಿಂದೆ ಗುಡಿಸಬೇಕು.

ಹಲಗೆ 8 ಮಿ.ಮೀ. ದಪ್ಪ, ಒಂದು ಚದರ ಮೀಟರಿಗೆ ಸುಮಾರು 11 ಕೆ.ಜಿ. ಇಲ್ಲಿ ಆಗುವ ತಪ್ಪು ಒಂದೇ ಬಗೆಯದು: ಮುಂಭಾಗಕ್ಕೆ ಮಾತ್ರ ಪ್ರೈಮರ್ ಹಚ್ಚುವುದು. ಹಿಂಭಾಗ ತೇವ ಕುಡಿದು ಹಿಗ್ಗುತ್ತದೆ, ಮುಂಭಾಗ ಹಿಗ್ಗುವುದಿಲ್ಲ, ಹಲಗೆ ದೋಣಿಯಂತೆ ಬಾಗುತ್ತದೆ. ಹಲಗೆ ನಿಲ್ಲಿಸುವ ಮುಂಚೆಯೇ ಮುಂದೆ, ಹಿಂದೆ, ನಾಲ್ಕು ಅಂಚು, ಆರೂ ಮುಖಕ್ಕೆ ಕ್ಷಾರ ತಡೆಯುವ ಪ್ರೈಮರ್ ಆಗಬೇಕು. ಸ್ಕ್ರೂ ತೂತನ್ನು ಮೊದಲೇ ಕೊರೆಯಬೇಕು, ಅಂಚಿನಿಂದ 12 ಮಿ.ಮೀ., ಮೂಲೆಯಿಂದ 50 ಮಿ.ಮೀ. ದೂರ. ಹಲಗೆಗಳ ನಡುವೆ 4 ಮಿ.ಮೀ. ಸಂದಿ ಬಿಟ್ಟು ಕಪ್ಪು ಪಿವಿಸಿ ಪಟ್ಟಿ ಕೂರಿಸಿದ್ದು. ಸಂದಿಗೆ ಪುಟ್ಟಿ ತುಂಬಿ ಸಪಾಟು ಮಾಡಿದರೆ ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಕೂದಲೆಳೆ ಬಿರುಕು ಖಂಡಿತ.

ಹಂಚಿನ ಗೋಡೆ

ನೇತ್ರಾವತಿ ದಂಡೆಯ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅಂದಿನಿಂದ ಈ ಊರಿನ ಹೆಸರೇ ಹಂಚಿಗೆ ಅಂಟಿದೆ. ಅಂಗಡಿ ಅಲಂಕಾರಕ್ಕೆ ಹಂಚು ಬಳಸುವವರು ಹೆಚ್ಚಾಗಿ ಅದನ್ನು ಅರ್ಧಕ್ಕೆ ಕೊಯ್ದು ಗೋಡೆಗೆ ಅಂಟಿಸುತ್ತಾರೆ. ಅಂಟಿಸಿದ ಹಂಚು ಬರುವಾಗ ಗಾರೆಯನ್ನೂ ಕಿತ್ತುಕೊಂಡು ಬರುತ್ತದೆ, ಹಂಚೂ ಒಡೆಯುತ್ತದೆ. ಮಾಡಿಗೆ (ಮನೆಯ ಸೂರಿಗೆ) ಹೇಗೆ ಹೊದೆಸುತ್ತಾರೋ ಹಾಗೆಯೇ ರೀಪಿಗೆ, ಅಂದರೆ ಮರದ ಅಡ್ಡಪಟ್ಟಿಗೆ, ತೂಗುಹಾಕಿದರೆ ಅಂಟಿನ ಮಾತೇ ಇಲ್ಲ. ಹಂಚಿಗೆ ಅದರ ಮರ್ಯಾದೆಯೂ ಉಳಿಯುತ್ತದೆ.

ಅಳತೆ ಹೀಗೆ. ರೀಪಿನ ಅಂತರ 320 ಮಿ.ಮೀ., ಒಂದು ಹಂಚಿನ ಕಾಣುವ ಅಗಲ ಸುಮಾರು 210 ಮಿ.ಮೀ. ಹನ್ನೊಂದು ಸಾಲು ಅಗಲಕ್ಕೆ, ಏಳು ಎತ್ತರಕ್ಕೆ, 77 ಹಂಚು. ಗೋಡೆಯ ಗಾತ್ರ ಹೆಚ್ಚುಕಡಿಮೆ 2.3 ಮೀಟರ್ ಚೌಕ. ಹಂಚೊಂದಕ್ಕೆ ಎರಡೂವರೆ ಕೆ.ಜಿ. ಹಿಡಿದರೂ 190 ಕೆ.ಜಿ. ಮೀರುತ್ತದೆ, ಅಷ್ಟೂ ಭಾರ ಚೌಕಟ್ಟಿನ ಮೂಲಕ ನೆಲಕ್ಕೆ ಇಳಿಯಬೇಕು. ಕೆಡವಿದ ಮನೆಯ ಹಳೆಯ ಹಂಚು 90 ತರಿಸಿದ್ದು. ಬೇರೆಬೇರೆ ಕಾರ್ಖಾನೆಯ ಹಂಚು ಬೆರೆತರೆ ತೋಡುಗಳು ಒಂದಕ್ಕೊಂದು ಕೂರುವುದಿಲ್ಲ. ಹಂಚಿನ ಹಿಂಭಾಗದ ಅಚ್ಚು ನೋಡಿ ಒಂದೇ ಹೆಸರಿನವನ್ನು ಆರಿಸಬೇಕು. ಬಂದ 90ರಲ್ಲಿ 83 ಸರಿಯಿದ್ದವು. ಬೆರಳ ಗೆಣ್ಣಿನಿಂದ ಬಡಿದಾಗ ಗಂಟೆಯಂತೆ ಕೇಳಬೇಕು. ಒಡಕಲು ಸದ್ದು ಬಂದರೆ ಕಣ್ಣಿಗೆ ಕಾಣದಿದ್ದರೂ ಬಿರುಕಿದೆ.

ಪಾಚಿ ತೆಗೆಯಲು ತಂತಿ ಬ್ರಷ್ ಬೇಡ, ಹಂಚಿನ ಸುಟ್ಟ ಮೇಲ್ಪದರ ಹೋಗಿ ಕೆಂಪು ಪುಡಿ ಉದುರಲು ಶುರುವಾಗುತ್ತದೆ, ಆಮೇಲೆ ಅದನ್ನು ನಿಲ್ಲಿಸಲು ಆಗದು. ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಒಂದು ತಾಸು ನೆನೆಸಿ, ನೈಲಾನ್ ಬ್ರಷ್‌ನಲ್ಲಿ ಉಜ್ಜಿ, ಎರಡು ಸಲ ಶುದ್ಧ ನೀರಿನಲ್ಲಿ ತೊಳೆದು, ನಾಲ್ಕು ದಿನ ಪೂರ್ತಿ ಬಿಸಿಲು. ಸೀಲರ್ ಹಚ್ಚಲು ಅವಸರ ಮಾಡಿದ ಆರು ಹಂಚಿನ ಮೇಲೆ ಹಾಲು ಚೆಲ್ಲಿದಂತೆ ಬಿಳಿ ಮಬ್ಬು ಕಟ್ಟಿತು. ಎರಡೇ ದಿನ ಒಣಗಿದ್ದವು, ಒಳಗಿನ ತೇವ ಸೀಲರಿನ ಅಡಿಯಲ್ಲಿ ಸಿಕ್ಕಿಹಾಕಿಕೊಂಡಿತ್ತು. ಮಬ್ಬು ಹೋಗುವುದಿಲ್ಲ. ಅವನ್ನು ಕಪಾಟಿನ ಹಿಂದೆ ಮರೆಯಾಗುವ ಕೆಳಸಾಲಿಗೆ ಹಾಕಿದ್ದು.

ಮಾಡಿನಲ್ಲಿ ಹಂಚು ತನ್ನ ಭಾರಕ್ಕೇ ಕೂರುತ್ತದೆ. ನೆಟ್ಟಗೆ ನಿಂತ ಗೋಡೆಯಲ್ಲಿ ಹಿಂದಿನ ಮೂಗು ರೀಪಿಗೆ ಸಿಕ್ಕಿಕೊಂಡರೂ ಕೆಳತುದಿ ಮುಂದಕ್ಕೆ ಅಲುಗುತ್ತದೆ. ಅದಕ್ಕೆ ಪ್ರತಿ ಹಂಚಿನ ಮೇಲಂಚಿನಲ್ಲಿ, ಮೇಲಿನ ಹಂಚು ಮುಚ್ಚುವ ಭಾಗದಲ್ಲಿ, 5 ಮಿ.ಮೀ. ತೂತು ಕೊರೆದು ತಾಮ್ರದ ತಂತಿಯಲ್ಲಿ ರೀಪಿಗೆ ಬಿಗಿದದ್ದು. ಕೊರೆಯುವಾಗ ಹ್ಯಾಮರ್ ಮೋಡ್ ಬಂದ್, ನಿಧಾನ ವೇಗ, ನೀರು ಹನಿಸುತ್ತಿರಬೇಕು. ಹಂಚನ್ನು ಮರಳಿನ ಚೀಲದ ಮೇಲೆ ಮಲಗಿಸಿ ಕೊರೆದರೆ ಒಡೆಯುವುದಿಲ್ಲ. ಮೊದಲ ಮೂರು ಒಡೆದದ್ದು ಬರಿಯ ಹಲಗೆಯ ಮೇಲಿಟ್ಟು ಕೊರೆದಾಗ. ಹಂಚು ತೂಗುಹಾಕುವಾಗ ಕೆಳಸಾಲಿನಿಂದ ಮೇಲಕ್ಕೆ, ಮಾಡಿಗೆ ಹೊದೆಸುವ ಕ್ರಮದಲ್ಲೇ. ರೀಪು ಹಳೆಯ ಕಿರಾಲುಬೋಗಿ. ಗಟ್ಟಿ ಮರ, ಸ್ಕ್ರೂಗೂ ಮೊದಲೇ ತೂತು ಬೇಕು, ಇಲ್ಲವಾದರೆ ಸ್ಕ್ರೂವಿನ ತಲೆ ಕಿತ್ತು ಬರುತ್ತದೆ.

ಕಡುಕೆಂಪು ಎಂಬ ಬಣ್ಣ

ಕಂಪನಿಯ ಬಣ್ಣ ಪೊಟ್ಟಣದ ಮೇಲೆ ಒಂದಿರುತ್ತದೆ, ಗೋಡೆಯ ಮೇಲೆ ಇನ್ನೊಂದಾಗುತ್ತದೆ. ದೋಷ ಬಹಳ ಸಲ ಬಣ್ಣದ ಡಬ್ಬದಲ್ಲಿಲ್ಲ, ದೀಪದಲ್ಲಿದೆ. ಒಂದಡಿ ಚೌಕದ ಹಲಗೆ ಚೂರಿಗೆ ನಿಜವಾದ ಬಣ್ಣ ಹಚ್ಚಿ, ಪಕ್ಕದಲ್ಲಿ ಪೊಟ್ಟಣವಿಟ್ಟು, ಕತ್ತಲೆ ಕೋಣೆಯಲ್ಲಿ ಮೂರು ದೀಪದಡಿ ನೋಡಿದ್ದು. ಅಗ್ಗದ 6500 ಕೆಲ್ವಿನ್ ಎಲ್‌ಇಡಿ, ಸಿಆರ್‌ಐ 70ರ ಆಸುಪಾಸು (ಕೆಲ್ವಿನ್ ಬೆಳಕಿನ ಛಾಯೆಯ ಅಳತೆ, ಸಿಆರ್‌ಐ ಬಣ್ಣಗಳನ್ನು ದೀಪ ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದರ ಅಳತೆ): ಪುನರ್ಪುಳಿ ಕೆಂಪು ಹಳೆಯ ಬೆಲ್ಲದ ಬಣ್ಣಕ್ಕೆ ತಿರುಗಿತು, ಕೆನೆಬಣ್ಣ ಬೂದಿಯಾಯಿತು. 3000 ಕೆಲ್ವಿನ್, ಸಿಆರ್‌ಐ 80: ಕೆಂಪು ಬಂತು, ಆದರೆ ಗೋಡಂಬಿ ಹಳದಿ ಹಿಡಿದು ಕಮಟು ಬಂದಂತೆ ಕಂಡಿತು. 3500 ಕೆಲ್ವಿನ್, ಸಿಆರ್‌ಐ 90ರ ಮೇಲೆ, ಆರ್9 ಮೌಲ್ಯ 50ರ ಮೇಲೆ: ಎರಡೂ ಸರಿ. ಆರ್9 ಎಂದರೆ ಗಾಢ ಕೆಂಪನ್ನು ದೀಪ ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಳತೆ. ಪೆಟ್ಟಿಗೆಯ ಮೇಲೆ ಹೆಚ್ಚಾಗಿ ಬರೆದಿರುವುದಿಲ್ಲ, ಕೇಳಿ ಪಡೆಯಬೇಕು. ಕೆಂಪು ಬಣ್ಣದ ಯಾವ ಕಂಪನಿಗೂ ಇದು ಎಲ್ಲಕ್ಕಿಂತ ಮುಖ್ಯವಾದ ಸಂಖ್ಯೆ. 18 ವ್ಯಾಟಿನ ಟ್ರ್ಯಾಕ್ ದೀಪ ಹತ್ತು ಸಾಕಾದವು.

ಕಡುಕೆಂಪನ್ನು ಬಿಳಿ ಪ್ರೈಮರಿನ ಮೇಲೆ ಹಚ್ಚಿದರೆ ನಾಲ್ಕು ಕೋಟು ಹಚ್ಚಿದರೂ ರೋಲರ್ ಗುರುತು ಕಾಣುತ್ತದೆ. ಕೆಂಪಿನ ವರ್ಣದ್ರವ್ಯಕ್ಕೆ ಮುಚ್ಚುವ ಶಕ್ತಿ ಕಡಿಮೆ. ಪ್ರೈಮರಿಗೇ ಮಧ್ಯಮ ಬೂದು ಬಣ್ಣ ಬೆರೆಸಿದರೆ ಎರಡು ಕೋಟಿನಲ್ಲಿ ಮುಗಿಯುತ್ತದೆ. ಪೂರ್ತಿ ಮ್ಯಾಟ್ ಬೇಡ. ಚೀಲ ತಾಗಿದ ಕಡೆಯೆಲ್ಲ ಬಿಳಿ ಗೀರು, ಒರೆಸಿದರೆ ಅಲ್ಲಿ ಮಾತ್ರ ಹೊಳಪು. ಸ್ಯಾಟಿನ್ ಸರಿ. ಆರು ಹಲಗೆಯಲ್ಲಿ ನಾಲ್ಕು ಕಡುಕೆಂಪು, ಬಾಗಿಲ ಹತ್ತಿರದ ಎರಡು ಕೆನೆಬಣ್ಣ. ಉತ್ತರದ ಒಣ ಗೋಡೆಗೆ ಮಾಮೂಲಿ ಬಿಳಿ, ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ.

ನೆಲ, ಕೌಂಟರ್, ವಿದ್ಯುತ್ತು

ನೆಲ ಹಳೆಯ ರೆಡ್ ಆಕ್ಸೈಡ್. ಅದರ ಮೇಲೆ ವಿನೈಲ್ ಪಟ್ಟಿ ಅಂಟಿಸುವ ಯೋಚನೆ ಇತ್ತು, ಕೈಬಿಟ್ಟದ್ದು. ವಿನೈಲ್ ಕೀಳುವಾಗ ಅಂಟು ಆಕ್ಸೈಡಿನ ತೆಳು ಹೊಳಪು ಪದರವನ್ನು ಎತ್ತಿಕೊಂಡು ಬರುತ್ತದೆ, ಆ ಪದರವನ್ನು ತೇಪೆಯಲ್ಲಿ ಮತ್ತೆ ತರಿಸಲು ಬರುವುದಿಲ್ಲ. ಆಮ್ಲದ ದ್ರಾವಣವನ್ನಂತೂ ತಾಗಿಸಲೇಬಾರದು. ಸೋಪು ನೀರಿನಲ್ಲಿ ತೊಳೆದು, ಎರಡು ದಿನ ಒಣಗಿಸಿ, ಮೇಣದ ಪಾಲಿಶ್ ಎರಡು ಸಲ. ಕಂಪನಿಯ ಕೆಂಪಿಗೆ ಈ ನೆಲದಷ್ಟು ಚೆನ್ನಾಗಿ ಹೊಂದುವ ಇನ್ನೊಂದು ಸಿಗುತ್ತಿರಲಿಲ್ಲ, ಅದೂ ಬಾಡಿಗೆಯಲ್ಲೇ ಬಂದದ್ದು.

ಕೌಂಟರ್ ಮತ್ತು ಕಪಾಟಿಗೆ ಐಎಸ್ 710 ಮುದ್ರೆಯ (ನೀರಿಗೆ ತಡೆಯುವ ದರ್ಜೆಯ) 18 ಮಿ.ಮೀ. ಪ್ಲೈವುಡ್, ಎಲ್ಲದಕ್ಕೂ 100 ಮಿ.ಮೀ. ಸ್ಟೇನ್‌ಲೆಸ್ ಕಾಲು. ಲ್ಯಾಮಿನೇಟ್ ಅಂಟಿಸುವ ರಬ್ಬರ್ ಅಂಟು ಇಲ್ಲಿಯ ಹವೆಯಲ್ಲಿ ಕೈಕೊಡುತ್ತದೆ. ದ್ರಾವಕ ಬೇಗ ಆರುವಾಗ ಅಂಟಿನ ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ಅಂಟು ಬಿಳಚಿಕೊಳ್ಳುತ್ತದೆ. ಒತ್ತಿದಾಗ ಹಿಡಿದಂತೆ ಕಂಡು ವಾರದಲ್ಲಿ ಗುಳ್ಳೆ ಏಳುತ್ತದೆ. ನೀರಿಗೆ ತಡೆಯುವ ಬಿಳಿ ಅಂಟು ಹಾಕಿ 24 ಗಂಟೆ ಭಾರ ಹೇರಿಟ್ಟದ್ದು. ಬಡಗಿಗಳಿಗೆ ಒಂದು ದಿನ ಕಾಯುವುದು ಇಷ್ಟವಿಲ್ಲ, ಆದರೂ ಕಾಯಿಸಬೇಕು.

ಮೆಸ್ಕಾಂ ಸಂಪರ್ಕ ಕಟ್ಟಡದವರ ಹೆಸರಿನಲ್ಲಿದೆ. ಮಂಜೂರಾದ ಲೋಡನ್ನು ಬಿಲ್ಲಿನಲ್ಲಿ ನೋಡಿಕೊಂಡೇ ಏಸಿ ತೀರ್ಮಾನಿಸಬೇಕು. ಒಳಗಿನ ಎಲ್ಲ ತಂತಿಯೂ ಚೌಕಟ್ಟಿನ ಹಿಂದಿನ ಪೈಪಿನಲ್ಲಿ, ಗೋಡೆ ಕೊರೆದದ್ದಿಲ್ಲ. ದೀಪಕ್ಕೆ 1.5, ಪ್ಲಗ್ಗಿಗೆ 2.5, ಏಸಿಗೆ 4 ಚದರ ಮಿ.ಮೀ. ತಾಮ್ರ, ಸೋರಿಕೆ ಕಂಡರೆ ಕರೆಂಟು ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ. ಲೋಹದ ಚೌಕಟ್ಟಿನ ಮೇಲೆ ತಂತಿ ಓಡಿದೆ ಎಂದ ಮೇಲೆ ಚೌಕಟ್ಟಿಗೇ ಅರ್ಥಿಂಗ್ ಬೇಕು. ಎರಡು ತುದಿಯಲ್ಲೂ 4 ಚದರ ಮಿ.ಮೀ. ಹಸಿರು ತಂತಿ ಬಿಗಿದದ್ದು. ಇದನ್ನು ಬಿಟ್ಟ ಅಂಗಡಿಗಳು ಬಹಳ. ಅಪಾಯ ನಿಜವಾದದ್ದು.

ಫಲಕ

ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿಯಂತೆ ಫಲಕದ ಶೇ. 60 ಕನ್ನಡದಲ್ಲಿರಬೇಕು, ಅದೂ ಮೇಲ್ಭಾಗದಲ್ಲಿ. ಇದನ್ನು ಕೊನೆಗೆ ಹೊಂದಿಸುವ ಷರತ್ತೆಂದು ನೋಡಿದರೆ ಫಲಕ ಕೆಡುತ್ತದೆ. ವಿನ್ಯಾಸವೇ ಕನ್ನಡದಿಂದ ಶುರುವಾದರೆ ಏನೂ ತೊಡಕಿಲ್ಲ. 1.0 ಮೀಟರ್ ಎತ್ತರದ ಫಲಕದಲ್ಲಿ ಮೇಲಿನ 600 ಮಿ.ಮೀ. ಪಟ್ಟಿ ಕನ್ನಡಕ್ಕೆ. ಒತ್ತಕ್ಷರ ಅಕ್ಷರದ ಕೆಳಗೆ ಇಳಿಯುತ್ತದಾದ್ದರಿಂದ 600ರಲ್ಲಿ ಮೂಲ ಅಕ್ಷರ 300 ಮಿ.ಮೀ. ಮಾತ್ರ. ಒತ್ತು ಸೇರಿದರೆ 480. ಅಕ್ಷರವನ್ನು ಇನ್ನೂ ದೊಡ್ಡದು ಮಾಡಿ ಒತ್ತನ್ನು ಕುಗ್ಗಿಸುವ ಅಭ್ಯಾಸವಿದೆ. ರಸ್ತೆಯ ಆಚೆಯಿಂದ ಆ ಒತ್ತು ಓದಲು ಬರುವುದಿಲ್ಲ.

ಒಳಗೆ ದೀಪ ಕೂರುವ ಅಕ್ಷರದ ಗೆರೆ 30 ಮಿ.ಮೀ.ಗಿಂತ ತೆಳುವಾದರೆ ಎಲ್‌ಇಡಿ ಮಾಡ್ಯೂಲ್ ಹಿಡಿಸುವುದಿಲ್ಲ. ಇಲ್ಲಿ ಆರಿಸಿದ ದಪ್ಪ ಅಕ್ಷರದ ಗೆರೆ 38. ಆದರೂ ಕನ್ನಡದಲ್ಲಿ ಸಣ್ಣ ತುಂಡುಗಳು ಬೇರೆ ನಿಲ್ಲುತ್ತವೆ: ದೀರ್ಘದ ಕೊಂಬು, ಅರ್ಕಾವೊತ್ತು, ಮಹಾಪ್ರಾಣದ ಸೀಳು. ಎರಡನೇ ಸಾಲಿನ 'ಗೋಡಂಬಿ, ಪುನರ್ಪುಳಿ, ಸಾಂಬಾರ ಪದಾರ್ಥ' ಎಂಬಲ್ಲಿ ಥದ ಒಳಚುಕ್ಕಿ 110 ಮಿ.ಮೀ. ಅಕ್ಷರದಲ್ಲಿ ಕಡಲೆ ಕಾಳಿನಷ್ಟು. ಅಂಟು ಬಿಟ್ಟು ಬಿದ್ದರೆ ಓದುವುದು 'ಪದಾರ್ಧ'. ಆ ಸಾಲಿಗೆ ದೀಪವೇ ಬೇಡವೆಂದು 10 ಮಿ.ಮೀ. ಗಟ್ಟಿ ಅಕ್ರಿಲಿಕ್‌ನಲ್ಲಿ ಕೊಯ್ಯಿಸಿ, ಪ್ರತಿ ಬಿಡಿ ತುಂಡಿಗೂ ಹಿಂದಿನಿಂದ ಸ್ಕ್ರೂ ಹಾಕಿದ್ದು.

ಕೊಯ್ಯುವವರಿಗೆ ಕಡತ ಕಳುಹಿಸುವಾಗ ಅಕ್ಷರಗಳನ್ನು ರೇಖೆಗಳಾಗಿ ಬದಲಿಸಿ ಪಿಡಿಎಫ್ ಕೊಡಿ. ಯೂನಿಕೋಡ್ ಸರಿಯಾಗಿ ಜೋಡಿಸದ ಹಳೆಯ ತಂತ್ರಾಂಶ ತೆರೆದರೆ ಅರ್ಕಾವೊತ್ತು ಕಳಚಿ 'ಪುನರ್‌ಪುಳಿ' ಎಂದಾಗುತ್ತದೆ, ಯಂತ್ರ ಹಾಗೆಯೇ ಕೊಯ್ಯುತ್ತದೆ. ಮೊದಲ ಪ್ರತಿಯಲ್ಲಿ ಆದದ್ದು ಇದೇ. ಪೂರ್ಣ ಅಳತೆಯ ಕಾಗದದ ಪ್ರತಿ ತೆಗೆಸಿ, ಗೋಡೆಗೆ ಅಂಟಿಸಿ, ಹೆಸರು ಮೊದಲೇ ಗೊತ್ತಿಲ್ಲದ ಒಬ್ಬರಿಂದ ಗಟ್ಟಿಯಾಗಿ ಓದಿಸಿದ ಮೇಲೆ ಕೊಯ್ಯಲು ಹೇಳಬೇಕು.

ಹಿನ್ನೆಲೆ 4 ಮಿ.ಮೀ. ಎಸಿಪಿ, ಅಂದರೆ ಎರಡು ಅಲ್ಯೂಮಿನಿಯಂ ತಗಡಿನ ನಡುವೆ ಪ್ಲಾಸ್ಟಿಕ್ ಇರುವ ಹಾಳೆ. ಹಾಳೆ 2440 ಮಿ.ಮೀ. ಉದ್ದ, ಎರಡು ಬದಿ 40 ಮಡಿಸಿದ ಮೇಲೆ ಕಾಣುವುದು 2360. ಎರಡು ಹಾಳೆಗೆ ಫಲಕ ಸುಮಾರು 4.7 ಮೀಟರ್. ಮಡಿಕೆಯ ತೋಡು ಕೊರೆಯುವಾಗ ಹೊರಗಿನ ಅಲ್ಯೂಮಿನಿಯಂ ಜತೆ 0.3 ಮಿ.ಮೀ. ಪ್ಲಾಸ್ಟಿಕ್ ಉಳಿಸಬೇಕು. ಪೂರ್ತಿ ಕೊರೆದರೆ ಮಡಿಸಿದ ಗೆರೆಯಲ್ಲಿ ಬಣ್ಣ ಸೀಳಿ ಅಲ್ಲಿಂದಲೇ ಉಪ್ಪು ತಿನ್ನುತ್ತದೆ. ಪಶ್ಚಿಮದ ಬಿಸಿಲಿಗೆ ಕಡುಕೆಂಪು ಹಾಳೆ ಚೆನ್ನಾಗಿ ಕಾಯುತ್ತದೆ. 45 ಡಿಗ್ರಿಯ ಏರಿಳಿತಕ್ಕೆ ಒಂದು ಹಾಳೆ ಎರಡೂವರೆ ಮಿ.ಮೀ. ಹಿಗ್ಗುತ್ತದೆ. ನಡುವೆ 8 ಮಿ.ಮೀ. ಸಂದಿ, ಸ್ಕ್ರೂಗೆ ಉದ್ದ ತೂತು. ಮುದ್ರಿತ ವಿನೈಲಿನ ಕೆಂಪು ಈ ದಿಕ್ಕಿನಲ್ಲಿ ಬೇಗ ಬಿಳಚುತ್ತದೆ, ಅದಕ್ಕೆ ಬಿಸಿಲಿಗೆ ಬಾಳುವ ಪಿವಿಡಿಎಫ್ ಲೇಪದ ಬಣ್ಣದ ಹಾಳೆಯನ್ನೇ ಆರಿಸಿದ್ದು.

ಫಲಕ ಗೋಡೆಯಿಂದ 75 ಮಿ.ಮೀ. ದೂರ, ಬೀಮಿಗೆ 10 ಮಿ.ಮೀ. ಎಂಟು ಬೋಲ್ಟು. ಮೇಲೆ ಮುಂದಕ್ಕೆ ಬಾಗಿದ ಅಲ್ಯೂಮಿನಿಯಂ ತೊಟ್ಟಿಕ್ಕು ತಗಡು. ಸಿಲಿಕೋನ್ ಎಲ್ಲ ಕಡೆ ನ್ಯೂಟ್ರಲ್ ಬಗೆಯದು. ವಿನಿಗರ್ ವಾಸನೆಯ ಅಗ್ಗದ ಸಿಲಿಕೋನ್ ಲೋಹವನ್ನೂ ಎಲ್‌ಇಡಿ ಬೆಸುಗೆಯನ್ನೂ ತಿನ್ನುತ್ತದೆ.

ಅಕ್ಷರದ ಪೆಟ್ಟಿಗೆಗೆ ನೀರು ಹೋಗದಂತೆ ಮಾಡಲು ಇಲ್ಲಿಯ ಮಳೆಯಲ್ಲಿ ಸಾಧ್ಯವಿಲ್ಲ, ಹೋದ ನೀರು ಹೊರಬರುವಂತೆ ಮಾಡಬೇಕು. ಇಂಗ್ಲಿಷ್ ಅಕ್ಷರಕ್ಕೆ ತಳದಲ್ಲಿ ಒಂದು ತೂತು ಸಾಕು ಎಂಬುದು ಫಲಕದವರ ರೂಢಿ. ಕನ್ನಡ ಅಕ್ಷರಕ್ಕೆ ತಳ ಒಂದಲ್ಲ. ಬ, ಮ, ಯಗಳ ಪ್ರತಿ ಬಟ್ಟಲಿನಲ್ಲೂ ನೀರು ನಿಲ್ಲುತ್ತದೆ, ಒತ್ತಿನ ಬಾಲದಲ್ಲಿ ಬೇರೆ. ಪ್ರತಿ ಬಟ್ಟಲಿನ ತಗ್ಗಿನಲ್ಲೂ 6 ಮಿ.ಮೀ. ತೂತು, ಕಣಜ ಗೂಡು ಕಟ್ಟದಂತೆ ಜಾಲರಿ ತುಂಡು.

0.72 ವ್ಯಾಟಿನ ಮಾಡ್ಯೂಲ್ 110, ಒಟ್ಟು 79 ವ್ಯಾಟ್, 12 ವೋಲ್ಟಿನಲ್ಲಿ 6.6 ಆಂಪಿಯರ್. ಎಸ್‌ಎಂಪಿಎಸ್ (ಕರೆಂಟನ್ನು 12 ವೋಲ್ಟಿಗೆ ಇಳಿಸುವ ಪೆಟ್ಟಿಗೆ) 150 ವ್ಯಾಟಿನದು, ಅಂಗಡಿಯೊಳಗೆ. ಅಲ್ಲಿಂದ ಫಲಕಕ್ಕೆ 4 ಮೀಟರ್. ಮೊದಲು ಎಳೆದಿದ್ದ 0.75 ಚದರ ಮಿ.ಮೀ. ತಂತಿಯಲ್ಲಿ ಒಂದು ವೋಲ್ಟಿಗೂ ಹೆಚ್ಚು ಸೋರಿ ಅಕ್ಷರಗಳು ಮಂಕಾಗಿದ್ದವು. 2.5ಕ್ಕೆ ಬದಲಿಸಿದಾಗ ಸೋರಿಕೆ 0.4 ವೋಲ್ಟಿನೊಳಗೆ ಬಂತು. ಅಕ್ಷರಗಳಿಗೆ ಎರಡೂ ತುದಿಯಿಂದ ವಿದ್ಯುತ್ತು ಕೊಟ್ಟದ್ದರಿಂದ ಸಾಲಿನ ಹೊಳಪೂ ಸಮ.

ಮೇ 22ಕ್ಕೆ ಪೈಪು ಹಿಡಿದು, ನೈರುತ್ಯದ ಓರೆಯಿಂದ ಇಪ್ಪತ್ತು ನಿಮಿಷ ನೀರು ಹೊಡೆದದ್ದು. ಫಲಕ ಸೋರಲಿಲ್ಲ. ತಂತಿ ಗೋಡೆ ಹೊಕ್ಕ ತೂತಿನಲ್ಲಿ ಒಳಗೆ ಹನಿ ಇಳಿಯಿತು. ತಂತಿ ಮೇಲಿನಿಂದ ನೇರವಾಗಿ ತೂತಿಗೆ ಇಳಿದಿತ್ತು, ನೀರು ಅದನ್ನೇ ಹಿಡಿದು ಬಂತು. ತೂತಿನ ಕೆಳಗೆ ಒಂದು ಬಳುಕು ಬಿಟ್ಟು ಮತ್ತೆ ಮೇಲಕ್ಕೆ ತಂದಾಗ ಹನಿ ಬಳುಕಿನಿಂದಲೇ ತೊಟ್ಟಿಕ್ಕಿತು.

ಮಳೆಗಾಲದ ನಡುವೆ

ಜುಲೈ ಮೂರನೇ ವಾರ ಜಾಲರಿ ತೆಗೆದು ದೀಪ ಹಿಡಿದು ನೋಡಿದ್ದು. ದಕ್ಷಿಣದ ಗೋಡೆ ಸೊಂಟದ ಎತ್ತರಕ್ಕೆ ಕಪ್ಪಗೆ ಒದ್ದೆ, ಹಲಗೆಯ ಹಿಂಭಾಗ ಒಣ, ಕಡುಕೆಂಪಿನ ಮೇಲೆ ಒಂದು ಗುಳ್ಳೆಯೂ ಇಲ್ಲ. ನಾಲ್ಕು ಮತ್ತು ಐದನೇ ಹಲಗೆಯ ಹಿಂದೆ ಮಾತ್ರ ಬೂಷ್ಟಿನ ಹಸಿರು ಚುಕ್ಕೆ. ಮೇಲೆ ನೋಡಿದರೆ 60 ಮಿ.ಮೀ. ಸಂದಿಗೆ ರಿಯಾಯಿತಿಯ ರಟ್ಟಿನ ಫಲಕ ಸಿಕ್ಕಿಸಿದ್ದರು, ಗಾಳಿಯ ದಾರಿ ಅಲ್ಲಿಗೆ ಮುಚ್ಚಿತ್ತು. ರಟ್ಟು ತೆಗೆದು, ಬೂಷ್ಟು ಒರೆಸಿ, ಸಂದಿಯ ಮುಂದೆ ಏನೂ ನಿಲ್ಲದಂತೆ ಓರೆ ಪಟ್ಟಿ ಕೂರಿಸಿದ್ದು. ಸೆಪ್ಟೆಂಬರಿನಲ್ಲಿ ಆ ಎರಡೂ ಒಣಗಿದ್ದವು. ಫಲಕದಲ್ಲಿ ಮ ಅಕ್ಷರದ ಒಂದು ತೂತು ಮಣ್ಣಿನ ಗೂಡಿನಿಂದ ಮುಚ್ಚಿ ಒಳಗೆ ಬೆರಳಷ್ಟು ನೀರಿತ್ತು. ಜಾಲರಿ ತುಂಡು ಜಾರಿತ್ತು, ಬದಲಿಸಿದ್ದು.

ಬಿಚ್ಚುವ ಕ್ರಮ ಕೌಂಟರಿನ ಒಳಬಾಗಿಲಿಗೆ ಅಂಟಿಸಿದೆ: ದೀಪ, ಕಪಾಟು, ಹಂಚು ಮೇಲಿನಿಂದ ಕೆಳಕ್ಕೆ, ಹಲಗೆ, ಕಂಬ, ಕೊನೆಗೆ ಫಲಕ. ಪಕ್ಕದಲ್ಲಿ ಸ್ಕ್ರೂಗಳ ಅಳತೆ, ಹನ್ನೊಂದು ತೂತುಗಳ ಫೋಟೋ. ಹೆಚ್ಚಾದ ಮೂರು ಹಂಚು, ಎರಡು ನೈಲಾನ್ ವಾಷರ್ ಪೊಟ್ಟಣ, ಬಣ್ಣದ ಸಂಕೇತ ಬರೆದ ಅರ್ಧ ಲೀಟರ್ ಡಬ್ಬ ಅದರ ಕೆಳಗಿನ ಖಾನೆಯಲ್ಲಿವೆ.